ಮರಿಪೆಟ್ಟಿಗೆಯ ಬಲ್ಬುಗಳು

ಹಿರಿಯೂರಿನ ಶಾಲೆಯಲ್ಲಿ ಹತ್ತನೇ ತರಗತಿಗೆ ವಿಜ್ಞಾನ ಹೇಳುತ್ತ ನಿಂತಿದ್ದರೂ ಯಶೋದಾಳ ಮನಸ್ಸು ಮಾತ್ರ ಆದಿವಾಲದ ಮನೆಯಲ್ಲಿತ್ತು. ಬೆಳಗಿನಿಂದ ಜಡಿಮಳೆ ಹಿಡಿದಿತ್ತು, ಜೊತೆಗೆ ಮೈ ಕೊರೆಯುವ ಗಾಳಿ. ಮನೆಯಲ್ಲಿ ಎರಡು ದಿನದ ತಬ್ಬಲಿ ಕುರಿಮರಿ. ಅದನ್ನು ಕಾವಿಗೆಂದು ಬಲ್ಬು ಹಾಕಿಸಿದ್ದ ಪೆಟ್ಟಿಗೆಯಲ್ಲಿಟ್ಟು ಬಂದಿದ್ದಳು. ಹೋದ ವಾರ ಅದೇ ಪೆಟ್ಟಿಗೆಯಲ್ಲಿ ಇಂಥದೇ ಒಂದು ಮರಿ ಸತ್ತಿತ್ತು. ಹುಟ್ಟುವಾಗಲೇ ಬಡಕಲು, ಉಳಿಯುವಂಥದ್ದಲ್ಲ ಎಂದು ಅತ್ತೆ ಜಯಕ್ಕ ಊರಿಗೆಲ್ಲ ಹೇಳಿದ್ದಳು. ಯಶೋದಾ ಅದನ್ನು ನಂಬಿದ್ದಳು. ಆದರೂ ಇದೊಂದಾದರೂ ಬದುಕದಿದ್ದರೆ ತನಗೆ ಅನ್ನ ಸೇರುವುದಿಲ್ಲ ಅನ್ನಿಸುತ್ತಿತ್ತು.

ಪೆಟ್ಟಿಗೆ ಅವಳದೇ ಯೋಚನೆ. ಕುರಿ ಸಾಕುವ ಆ ಮನೆಯಲ್ಲಿ ತಬ್ಬಲಿ ಮರಿಯನ್ನು ಕಂಬಳಿಯೊಳಗೆ ಎದೆಗವಚಿಕೊಂಡು ಮಲಗುವುದು ಮೊದಲಿನಿಂದ ಬಂದ ಪದ್ಧತಿ. ಅತ್ತೆಗೋ ಸೊಂಟನೋವು, ಮರಿ ಮಗ್ಗುಲಲ್ಲಿದ್ದರೆ ಹೊರಳುವಂತಿಲ್ಲ. "ನೂರರವು ಎರಡು ಬಲ್ಬು ಹಾಕಿಸ್ತೀನಿ ಅತ್ತೆ, ಇನ್ನೂರು ವ್ಯಾಟ್ ಆಗ್ತೈತೆ. ಲೆಕ್ಕ ಹಾಕೀನಿ" ಎಂದು ಯಶೋದಾ ಎದೆ ತಟ್ಟಿಕೊಂಡಿದ್ದಳು. ಮದುವೆಮನೆಗೆ ದೀಪದ ಮಾಲೆ ಕಟ್ಟುವ ಹಿರಿಯೂರಿನ ಅಮಾನ್ ಬಂದು ವೈರು ಕೊಟ್ಟು ಹೋದ. ಸ್ವಿಚ್ಚು ಹಾಕಿದರೆ ಎರಡು ಬಲ್ಬೂ ಕೆಂಪಗೆ ಹತ್ತಿಕೊಂಡವು. ಕೆಂಡ ಇದ್ದಂಗೈತೆ ಎಂದು ಮನೆಮಂದಿಯೆಲ್ಲ ಮೆಚ್ಚಿದರು. ವಿಜ್ಞಾನದ ಮೇಡಮ್ಮೂ ಮೆಚ್ಚಿದ್ದೇ! ಕೆಂಪಗೆ ಕಂಡದ್ದೆಲ್ಲ ಕೆಂಡವೆಂದು ನಂಬುವ ಕಣ್ಣು ಎಷ್ಟು ಓದಿದರೂ ಹೋಗುವುದಿಲ್ಲ.

ಇವತ್ತಿನ ಪಾಠವೂ ಬಲ್ಬು, ಕರೆಂಟಿನದೇ. ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ರೋಧ, ಎರಡನ್ನೂ ಗುಣಿಸಿದರೆ ಸಾಮರ್ಥ್ಯ. ನೂರು ವ್ಯಾಟಿನ ಎರಡು ಬಲ್ಬುಗಳನ್ನು ಸರಣಿಯಲ್ಲಿ, ಅಂದರೆ ಒಂದರ ಹಿಂದೆ ಒಂದು ಜೋಡಿಸಿ, ಇನ್ನೂರಿಪ್ಪತ್ತು ವೋಲ್ಟ್ ಕೊಟ್ಟರೆ ಒಟ್ಟು ಸಾಮರ್ಥ್ಯ ಎಷ್ಟು ಎಂದು ಬೋರ್ಡಿನ ಮೇಲೆ ಬರೆದಳು.

"ಐವತ್ತು ವ್ಯಾಟ್ ಮಿಸ್" ಎಂದಳು ಮುಂದಿನ ಬೆಂಚಿನ ಚೈತ್ರಾ.

"ಒಂದೊಂದಕ್ಕಾ?"

"ಅಲ್ಲ ಮಿಸ್, ಎರಡೂ ಸೇರಿ. ರೋಧ ಡಬಲ್ ಆಗಿ ಕರೆಂಟು ಅರ್ಧ ಆಗ್ತೈತೆ. ಬಲ್ಬು ಮಂಕಾಗಿ ಕೆಂಪಗೆ ಕಾಣ್ತಾವೆ."

ಯಶೋದಾಳ ಕೈಯ ಸೀಮೆಸುಣ್ಣ ಬೋರ್ಡಿನ ಮೇಲೆಯೇ ನಿಂತುಬಿಟ್ಟಿತು. ವರಾಂಡಕ್ಕೆ ಬಂದು ಮನೆಗೆ ಫೋನ್ ಮಾಡಿದಳು. ಅತ್ತೆ ಎತ್ತಲಿಲ್ಲ. ಮತ್ತೆ ಮಾಡಿದಳು, ಆಗಲೂ ಇಲ್ಲ. ಅಮಾನ್‌ಗೆ ಮಾಡಿದಳು, ಅವನು ಎತ್ತಿದ.

"ಪೆಟ್ಗೆ ಬಲ್ಬಿಗೆ ವೈರು ಹೆಂಗೆ ಕೊಟ್ಟಿದೀಯಪ್ಪ?"

"ಮದ್ವೆಮನೆ ಸೀರಿಯಲ್ ಸೆಟ್ಟಿಗೆ ಕೊಡ್ತೀವಲ್ಲಕ್ಕ, ಹಂಗೇ. ಒಂದರಿಂದ ಇನ್ನೊಂದಕ್ಕೆ. ಯಾಕೆ, ಹತ್ತುತಿಲ್ವಾ?"

ಹತ್ತುತ್ತಿತ್ತು, ಅದೇ ಅನಾಹುತವಾಗಿತ್ತು. ಬಾಳೆಲ್ಲ ದೀಪದ ಮಾಲೆ ಕಟ್ಟಿದವನ ಕೈ ಇನ್ನೇನು ಮಾಡೀತು? ಹೆಂಗೆ ಜೋಡಿಸಿದೆ ಅಂತ ಅವತ್ತೇ ಒಂದು ಮಾತು ಕೇಳದೆ ಕಾಫಿ ಕೊಟ್ಟು ಕಳಿಸಿದವಳು ಇವಳು. ವಿಷಯ ಕೇಳಿ ಅವನಿಗೂ ಗಾಬರಿಯಾಯಿತು. ಕರೆಂಟು ಅಳೆಯುವ ಮೀಟರ್ ಹಿಡಿದು ಶಾಲೆಯ ಗೇಟಿಗೇ ಬಂದ.

"ಬಸ್ಸಿಗೆ ಕಾಯದು ಬ್ಯಾಡಕ್ಕ, ಬರ್ರಿ, ಬೈಕಲ್ಲೇ ಹೋಗಾಣ."

ಹೆದ್ದಾರಿಯ ಲಾರಿಗಳು ಕೆಸರು ಎರಚಿಕೊಂಡು ಹೋಗುತ್ತಿದ್ದವು. ಯಶೋದಾ ದಾರಿಯುದ್ದಕ್ಕೂ ಫೋನ್ ಒತ್ತುತ್ತಲೇ ಇದ್ದಳು. ಬೇಡವೆಂದರೂ ತಲೆ ತನ್ನ ಪಾಡಿಗೆ ತಾನು ಗುಣಿಸುತ್ತ ಭಾಗಿಸುತ್ತ ಇತ್ತು. ಏನು ಗುಣಿಸಿದರೂ ಹೋದ ವಾರದ ಮರಿ ಕಣ್ಣಮುಂದೆ ಬಂದು ನಿಲ್ಲುತ್ತಿತ್ತು.

ಮನೆಯೊಳಗೆ ಓಡಿದಳು. ಪೆಟ್ಟಿಗೆಯಲ್ಲಿ ಬಲ್ಬುಗಳು ಕೆಂಪಗೆ ಉರಿಯುತ್ತಿದ್ದವು, ಮರಿ ಇರಲಿಲ್ಲ. ಆಗಲೇ ಹೂತುಬಿಟ್ಟಿದ್ದಾರೆ ಎಂದುಕೊಂಡಳು.

"ಯಾಕೆ ಹಿಂಗ್ ಓಡಿ ಬಂದೆ?" ಒಲೆಯ ಪಕ್ಕದಿಂದ ದನಿ ಬಂತು. ಜಯಕ್ಕ ಕಂಬಳಿ ಹೊದ್ದು ಕೂತಿದ್ದಳು. ಕಂಬಳಿಯ ಸಂದಿಯಿಂದ ಮರಿಯ ಮೂತಿ ಕಾಣುತ್ತಿತ್ತು.

"ಫೋನ್ ಎತ್ತಬಾರ್ದಾ ಅತ್ತೆ?"

"ಈಗಿನ್ನ ಮಲಗಿತ್ತು. ಎದ್ರೆ ಅದ್ಕೆ ಎಚ್ಚರಾಗ್ತಿತ್ತು."

"ಯಾವಾಗ ತಗಂಡ್ರಿ ಇದನ್ನ?"

"ನೀನು ಶಾಲೆಗೆ ಹೋದ್ ಕೂಡ್ಲೆ. ರಾತ್ರಿನೂ ನನ್ ತಾವೇ ಇತ್ತು. ನೀನು ಏಳಾಕ್ ಮುಂಚೆ ಪೆಟ್ಗೆಲಿ ಇಡ್ತಿದ್ದೆ."

"ನಂಗ್ಯಾಕೆ ಹೇಳ್ಲಿಲ್ಲ?"

"ಆ ಮರಿ ಸತ್ತಾಗ ಪೆಟ್ಗೆಗೆ ಕೈ ಇಟ್ಟು ನೋಡ್ದೆ. ಬೆಳಕು ಐತೆ, ಕಾವಿಲ್ಲ. ಹೇಳಿದ್ರೆ ನೀನು, ನನ್ನಿಂದ್ಲೇ ಹೋತು ಅಂತ ಕೊರಗ್ತಿದ್ದೆ. ನನ್ ಸೊಂಟಕ್ಕೆ ಅಂತ ಮಾಡ್ಸಿದವಳು ನೀನು."

"ಅದು ಬಡಕಲು ಮರಿ ಅಂದಿದ್ರಿ."

ಜಯಕ್ಕ ಮರಿಯ ಕಿವಿ ಸವರಿದಳು. "ಬಡಕ್ಲಾಗಿರ್ಲಿಲ್ಲ" ಎಂದಳು.

ಯಶೋದಾಳಿಗೆ ಅಳು ತಡೆಯಲಾಗಲಿಲ್ಲ. ಅಮಾನ್ ಆ ಕಡೆ ನೋಡದೆ ಪೆಟ್ಟಿಗೆಯ ಮುಂದೆ ಕೂತು ಮೀಟರ್ ಹಿಡಿದ. ಇನ್ನೂರಿಪ್ಪತ್ತು ವೋಲ್ಟ್, ಸೊನ್ನೆ ಪಾಯಿಂಟ್ ಮೂರು ಆಂಪಿಯರ್. ಅರವತ್ತಾರು ವ್ಯಾಟ್. ಬಲ್ಬಿನೊಳಗಿನ ಅರೆಬರೆ ಕಾದ ತಂತಿಯ ರೋಧ ಕಮ್ಮಿ, ಅದಕ್ಕೇ ಬೋರ್ಡಿನ ಲೆಕ್ಕಕ್ಕಿಂತ ಚೂರು ಜಾಸ್ತಿ. ಅವನು ಪ್ಲಗ್ ಕಿತ್ತು ಎರಡು ಬಲ್ಬಿಗೂ ಬೇರೆ ಬೇರೆ ವೈರು ಕೊಟ್ಟ. ಈ ಸಲ ಕಣ್ಣು ಕುಕ್ಕುವ ಬಿಳಿ ಬೆಳಕು. ಮೀಟರಿನಲ್ಲಿ ಸೊನ್ನೆ ಪಾಯಿಂಟ್ ಒಂಬತ್ತು.

"ನೂರಾ ತೊಂಬತ್ತೆಂಟು ವ್ಯಾಟ್" ಎಂದಳು ಯಶೋದಾ, ಮೂಗು ಒರೆಸಿಕೊಂಡು.

ಜಯಕ್ಕ ಪೆಟ್ಟಿಗೆಯೊಳಗೆ ಅಂಗೈ ಹಿಡಿದು ನೋಡಿದಳು. "ಈಗ ಕಾವೈತೆ" ಎಂದು ಮರಿಯನ್ನು ಸೊಸೆಯ ಕೈಗೆ ಕೊಟ್ಟಳು. "ನೀನೇ ಇಡು."

ಯಶೋದಾ ಮರಿಯನ್ನು ಪೆಟ್ಟಿಗೆಯ ಬಾಯಿಯವರೆಗೂ ತಂದಳು. ಅಲ್ಲಿಂದ ಮುಂದಕ್ಕೆ ಕೈ ಹೋಗಲಿಲ್ಲ.

"ಇನ್ನೊಂದ್ಸಲ ಅಳೆದು ನೋಡ್ತೀನಿ ಅತ್ತೆ."

"ನೋಡು" ಎಂದು ಜಯಕ್ಕ ಮರಿಯನ್ನು ವಾಪಸು ತೆಗೆದುಕೊಂಡಳು. "ಅಲ್ಲಿಗಂಟ ನಾನು ಹಿಡ್ಕಂಡಿರ್ತೀನಿ."