ಮನೆಮಾತಿನ ಕಾನೂನು

ಬಲಗಡೆಯ ಹೆರಳು ಮುಗಿದಿತ್ತು. ಹೀಟರಿನ ಕಿಂಡಿಯ ಮೇಲೆ ಕರಗಲಿಟ್ಟ ಕೊಬ್ಬರಿ ಎಣ್ಣೆಯನ್ನು ಬೆರಳಿಗೆ ಇನ್ನಷ್ಟು ಸವರಿಕೊಂಡು, ಎಡಗಡೆಯ ಕೂದಲನ್ನು ಮೂರು ಎಳೆ ಮಾಡಿ ನೀಲಗಂಗಾ ಹೆಣೆಯತೊಡಗುವಷ್ಟರಲ್ಲಿ ಛಾಯಾ ಏಳರ ಮಗ್ಗಿಗೆ ಬಂದಿದ್ದಳು.

"ಏಳ ಒಂದ್ಲೆ ಏಳ, ಏಳ ಎರಡ್ಲೆ ಹದಿನಾಕ, ಏಳ ಮೂರ್ಲೆ..."

ಅಷ್ಟಕ್ಕೇ ಹುಡುಗಿ ಬಾಯಿ ಮುಚ್ಚಿಕೊಂಡಳು. ಸೋಮವಾರದಿಂದ ಮನೆಯಲ್ಲಿ ಬರೀ ಇಂಗ್ಲಿಷ್ ಎನ್ನುವುದು ಅವಳಿಗೆ ನೆನಪಾಗಿತ್ತು.

"ಸಾರಿ, ಮಾಮ್," ಎಂದಳು.

ಬಾಯಿ ನಿಂತರೂ ಬಲಗೈಯ ಹೆಬ್ಬೆರಳು ನಿಲ್ಲಲಿಲ್ಲ. ಕಿರುಬೆರಳಿನ ಗೆಣ್ಣಿನಿಂದ ಗೆಣ್ಣಿಗೆ ಏರಿ ಪಕ್ಕದ ಬೆರಳಿಗೆ ದಾಟಿತು. ನೀಲಗಂಗಾ ಹಿಂದಿನಿಂದ ಅದನ್ನೇ ನೋಡುತ್ತ ಹೆಣೆದಳು. ಜಮಖಂಡಿಯಲ್ಲಿ ಚಿಕ್ಕಂದಿನಲ್ಲಿ ನೀಲಗಂಗಾಳ ಹೆರಳು ಹಾಕುವಾಗಲೂ ಅವ್ವ ಹೀಗೇ ಮಗ್ಗಿ ಹೇಳಿಸುತ್ತಿದ್ದಳು. ತಪ್ಪಿದರೆ ಕೂದಲು ಒಮ್ಮೆ ಜಗ್ಗುತ್ತಿತ್ತು. ಆ ಜಗ್ಗುವಿಕೆಯೊಂದನ್ನು ಬಿಟ್ಟು ಉಳಿದದ್ದೆಲ್ಲವನ್ನೂ ಅವಳು ಅಮೆರಿಕದ ವೆಸ್ಟ್‌ಮಂಟಿನ ಈ ಮನೆಗೆ ತಂದುಕೊಂಡಿದ್ದಳು. ಮಗಳ ತಲೆಯನ್ನು ನೆಟ್ಟಗೆ ಹಿಡಿದು, "ಹೋಲ್ಡ್ ಸ್ಟಿಲ್" ಎಂದಳು. ಕ್ಷೌರದಂಗಡಿಯಲ್ಲಿ ಯಾರೋ ಗಿರಾಕಿಗೆ ಹೇಳಿದ ಹಾಗಿತ್ತು.

ಕಳೆದ ವಾರ ಶಾಲೆಯಿಂದ ಫೋನು ಬಂದಿತ್ತು. ಎರಡನೆಯ ಗ್ರೇಡಿನ ಟೀಚರು ತುಂಬ ಮೆತ್ತಗೆ ಮಾತಾಡಿದ್ದಳು. ಲೆಕ್ಕ ಕೇಳಿದರೆ ನಿಮ್ಮ ಮಗಳು ಉತ್ತರ ಹೇಳುವುದಿಲ್ಲ, ತುಟಿ ಅಲುಗಿಸುತ್ತಾಳೆ, ಬೆರಳುಗಳು ತಾವಾಗಿಯೇ ಕುಣಿಯುತ್ತವೆ, ನರದ ದೋಷವಿರಬಹುದೇ? ಶುಕ್ರವಾರ ಪರೀಕ್ಷೆ ಮಾಡುವವರು ಬರುತ್ತಾರೆ, ಅವಳು ಇದೇ ಕ್ಲಾಸಿನಲ್ಲಿ ಇರಬೇಕೋ ನಿಧಾನವಾಗಿ ಕಲಿಯುವ ಮಕ್ಕಳ ಕೋಣೆಗೆ ಹೋಗಬೇಕೋ ಅವರು ಹೇಳುತ್ತಾರೆ, ಅಲ್ಲಿಯವರೆಗೆ ದಯವಿಟ್ಟು ಮನೆಯಲ್ಲಿ ಆ ಇನ್ನೊಂದು ಭಾಷೆ ನಿಲ್ಲಿಸಿ.

ಗುರುಲಿಂಗಪ್ಪ ಆಫೀಸಿನಿಂದ ಬಂದು ಕೋಟು ಬಿಚ್ಚುವ ಮೊದಲೇ ತೀರ್ಪು ಕೊಟ್ಟಿದ್ದ.

"ಸೋಮವಾರದಿಂದ ಕನ್ನಡ ಬಂದ್."

"ಅಕೀಗೆ ನರದ ದೋಷಾ ಇಲ್ಲ, ಏನೂ ಇಲ್ಲ. ಗೆಣ್ಣ ಎಣಸ್ತಾಳ. ನೀವೂ ಎಣಸ್ತೀರಿ, ನಿಮ್ಮಪ್ಪನೂ ಎಣಸ್ತಿದ್ರು."

"ನಮ್ಮಪ್ಪ ಇಲ್ಲಿ ಸೆಕೆಂಡ್ ಗ್ರೇಡಿಗೆ ಹೋಗಿಲ್ಲ, ನೀಲಾ." ಅವನು ಕುರ್ಚಿಯ ಮೇಲೆ ಕುಕ್ಕರಿಸಿದ. "ನಾ ಧಾರವಾಡದ ಕಾಲೇಜಿಗೆ ಬಂದಾಗ ಇಂಗ್ಲಿಷ್ ಬರೂದಿಲ್ಲಂತ ಬಾತ್‌ರೂಮಿನ್ಯಾಗ ನಿಂತ ಅತ್ತೀನಿ. ಅಕೀ ಅಳೂದ ಬ್ಯಾಡ."

ನೀಲಗಂಗಾ ಅವನ ಕೋಟು ಬಿಚ್ಚಿಸಿಕೊಂಡು ಗೂಟಕ್ಕೆ ತೂಗುಹಾಕಿದಳು. ಅತ್ತದ್ದು ಸುಳ್ಳಲ್ಲ ಎಂದು ಅವಳಿಗೆ ಗೊತ್ತಿತ್ತು.

ಬುಧವಾರ ಪಕ್ಕದ ಊರು ಡೌನರ್ಸ್ ಗ್ರೋವಿನ ಗೆಳತಿ ಸರಳಾಗೆ ಫೋನು ಮಾಡಿ ಹೇಳಿಕೊಂಡಾಗ, ಬೆಂಗಳೂರಿನವಳಾದ ಸರಳಾ ನಕ್ಕಿದ್ದಳು. "ಅಯ್ಯೋ, ಇಷ್ಟೇನಾ? ನಾವು ರವಿ ಹುಟ್ಟಿದಾಗಲೇ ನಿಲ್ಲಿಸ್ಬಿಟ್ವಿ ಕಣ್ರೀ. ಅವನಿಗೆ ಕನ್ನಡ ಒಂದಕ್ಷರ ಬರಲ್ಲ, ಗೊತ್ತಾ? ಹೋದ ಸಲ ಊರಿಗೆ ಹೋದಾಗ ಅವರಜ್ಜಿ ಏನು ಕೇಳಿದ್ರೂ 'ವಾಟ್? ವಾಟ್?' ಅಂತಿದ್ದ. ಎಷ್ಟು ಮುದ್ದಾಗಿತ್ತು!"

ಅಜ್ಜಿಗೂ ಮುದ್ದಾಗಿ ಕಂಡಿತೇ ಎಂದು ನೀಲಗಂಗಾ ಕೇಳಲಿಲ್ಲ. ಸರಳಾ ಒಳ್ಳೆಯವಳು.

ಎಡಗಡೆಯ ಹೆರಳೂ ಮುಗಿಯಿತು. ಹಳದಿ ಬಸ್ಸು ಬಂದು ಮಗಳನ್ನು ಕರೆದುಕೊಂಡು ಹೋಯಿತು. ನೀಲಗಂಗಾ ಬೂಟು ಹಾಕಿಕೊಂಡು ಹಿಮ ತುಳಿಯುತ್ತ ಪಕ್ಕದ ಮನೆಗೆ ಹೋದಳು. ಗುರುವಾರದ ಕಾಫಿ ಸೈಮಾಳ ಮನೆಯಲ್ಲಿ ಎಂಬುದು ಅವರಿಬ್ಬರ ನಡುವೆ ರೂಢಿಯಾಗಿತ್ತು.

ಸೈಮಾ ಎಪ್ಪತ್ತು ಸಮೀಪಿಸಿದ ವಿಧವೆ. ಗಂಡ ಬಡಗಿಯಾಗಿದ್ದ, ಹೋಗಿ ನಾಲ್ಕೈದು ವರ್ಷವಾಗಿತ್ತು. ನೀಲಗಂಗಾಳ ಮನೆಗೆ ಮೊದಲ ಸಲ ಬಂದಾಗ ಆ ಮುದುಕಿ ಕಾಫಿಯನ್ನು ಕಪ್ಪಿನ ಕೆಳಗಿನ ಬಶಿಗೆ ಸುರಿದುಕೊಂಡು, ಸಕ್ಕರೆಯ ತುಂಡೊಂದನ್ನು ಹಲ್ಲಿಗೆ ಸಿಕ್ಕಿಸಿ ಸುರ್ರೆಂದು ಎಳೆದಿದ್ದಳು. ಅಮೆರಿಕದಲ್ಲಿ ಬಶಿಯಲ್ಲಿ ಕುಡಿಯಬಾರದು ಎಂದುಕೊಂಡು ವರ್ಷಗಟ್ಟಲೆ ತುಟಿ ಸುಟ್ಟುಕೊಂಡಿದ್ದ ನೀಲಗಂಗಾ ಆವತ್ತು ತನ್ನ ಕಾಫಿಯನ್ನೂ ಬಶಿಗೆ ಸುರಿದಿದ್ದಳು. ಗೆಳೆತನ ಹಾಗೆ ಶುರುವಾಗಿತ್ತು. ಇಬ್ಬರೂ ಮಾತಾಡುವುದು ಇಂಗ್ಲಿಷಿನಲ್ಲಿ, ಇಬ್ಬರಿಗೂ ಅದು ಬಹಳ ತಡವಾಗಿ ಬಂದ ಭಾಷೆ.

ಶಾಲೆಯ ಸಂಗತಿಯನ್ನು ನೀಲಗಂಗಾ ಪೂರ್ತಿ ಹೇಳಿ ಮುಗಿಸಿದಳು. ಸೈಮಾ ಬಶಿ ಕೆಳಗಿಟ್ಟಳು.

"ಗಂಜಿ ಕೊಡ್ತಾ ಇದಾರಾ ಅವಳಿಗೆ?"

"ಏನು?"

"ಮಧ್ಯಾಹ್ನ ಶಾಲೆಯಲ್ಲಿ. ಊಟ ಕೊಡ್ತಾರಲ್ಲ?"

"ಕೊಡ್ತಾರೆ. ಯಾಕೆ?"

"ನನಗೆ ಕೊಡ್ತಿರಲಿಲ್ಲ."

ಸೈಮಾ ಸ್ವೀಡನ್ನಿನವಳೆಂದು ಮಾತ್ರ ನೀಲಗಂಗಾ ತಿಳಿದಿದ್ದಳು. ಉಳಿದದ್ದು ಈಗ ತಿಳಿಯಿತು. ಆ ದೇಶದ ಉತ್ತರದ ತುದಿಯಲ್ಲಿ ಒಂದು ನದಿ, ಆಚೆ ದಡ ಫಿನ್ಲೆಂಡ್, ಈಚೆ ದಡ ಸ್ವೀಡನ್. ಎರಡೂ ದಡದ ಮನೆಗಳಲ್ಲಿ ಮಾತು ಫಿನ್ನಿಶ್. ಆಚೆ ದಡದ ಸರ್ಕಾರ ಫಿನ್ನಿಶಿಗೂ ಸ್ವೀಡಿಶಿಗೂ ಸಮ ಸ್ಥಾನ ಕೊಟ್ಟಿತ್ತು. ಈಚೆ ದಡದಲ್ಲಿ ಶಾಲೆಯ ಅಂಗಳಕ್ಕೆ ಕಾಲಿಟ್ಟರೆ ಸ್ವೀಡಿಶ್ ಮಾತ್ರ. ಸೈಮಾ ಹಾಸ್ಟೆಲಿನಲ್ಲಿದ್ದು ಓದಿದವಳು. ಬಾಯಿ ತಪ್ಪಿ ಫಿನ್ನಿಶ್ ಬಂದ ದಿನ ಊಟವಿಲ್ಲ.

"ಏಳು ವರ್ಷದವಳಿಗೆ ಬಾಯಿ ತಪ್ಪದೆ ಇರುತ್ತಾ ನೀಲಾ? ಜಾರಿ ಬಿದ್ದರೆ ಅಮ್ಮಾ ಅಂತ ಯಾವ ಭಾಷೇಲಿ ಕೂಗಬೇಕು?" ಸೈಮಾ ಅಳಲಿಲ್ಲ, ಮೇಜಿಗೆ ಒಂದು ಪೆಟ್ಟು ಕೊಟ್ಟಳು. "ನಾನು ಪೆದ್ದಿ. ಇಲ್ಲಿಗೆ ಬಂದು ಮಗ ಹುಟ್ಟಿದ ಮೇಲೆ ಅವರ ಕೆಲಸ ನಾನೇ ಮಾಡಿದೆ. ಕಾರ್ಲ್‌ಗೆ ಒಂದೇ ಒಂದು ಫಿನ್ನಿಶ್ ಮಾತು ಕಲಿಸಲಿಲ್ಲ. ಯಾರೂ ಹೇಳಿರಲಿಲ್ಲ ನನಗೆ, ಗೊತ್ತಾ? ನಿನ್ನ ಮಗಳ ಟೀಚರ್ ಥರ ಫೋನೂ ಮಾಡಿರಲಿಲ್ಲ. ನಾನಾಗಿ ನಿಲ್ಲಿಸಿದೆ."

ಪೆಟ್ಟಿಗೆ ಬಶಿಯಿಂದ ಚೆಲ್ಲಿದ ಕಾಫಿಯನ್ನು ನೀಲಗಂಗಾ ಒರೆಸಿದಳು. ಅಷ್ಟರಲ್ಲಿ ಸೈಮಾಳ ಮುಖ ಬೇರೆಯೇ ಆಯಿತು, ಗುಟ್ಟಿನ ತಿಂಡಿ ಬಚ್ಚಿಟ್ಟುಕೊಂಡ ಮಗುವಿನ ಹಾಗೆ.

"ಈಗ ಕೇಳು. ಭಾನುವಾರ ನನ್ನ ತಂಗಿಯ ಮಗಳು ಹೆಲ್ವಿ ಸ್ವೀಡನ್ನಿನಿಂದ ಫೋನ್ ಮಾಡಿದ್ದಳು. ಅಲ್ಲಿ ಹೋದ ಬೇಸಿಗೆಯಲ್ಲಿ, ೧೯೭೭ರ ಜುಲೈನಲ್ಲಿ, ಹೊಸ ಕಾನೂನು ಬಂದಿದೆ. ಹೊರಗಿನಿಂದ ಬಂದವರ ಮಕ್ಕಳಿಗೆ ಬೇಕು ಅಂದರೆ ಊರಿನ ಆಡಳಿತವೇ ಶಾಲೆಯಲ್ಲಿ ಅವರ ಮನೆಯ ಭಾಷೆ ಕಲಿಸಬೇಕು. ಹಾಗಂತಲೇ ಅದರ ಹೆಸರು, ಮನೆಮಾತು. ದಕ್ಷಿಣದ ಕಾರ್ಖಾನೆ ಊರುಗಳಲ್ಲಿ ಫಿನ್ನಿಶ್ ಜನ ತುಂಬಿದಾರೆ. ಅವರ ಮಕ್ಕಳಿಗೆ ಹೆಲ್ವಿ ಟೀಚರ್! ಸರ್ಕಾರದ ಸಂಬಳ! ಯಾವ ಮಾತು ಆಡಿದ್ದಕ್ಕೆ ನನಗೆ ಗಂಜಿ ತಪ್ಪಿಸಿದರೋ, ಅದೇ ಮಾತಿಗೆ ಅವಳಿಗೆ ಕುರ್ಚಿ, ಮೇಜು, ಬೋರ್ಡು, ಸೀಮೆಸುಣ್ಣ!"

ಅವಳು ಗಹಗಹಿಸಿ ನಕ್ಕಳು. ನಗುವಾಗ ಬೆನ್ನು ಸೆಟೆದು ಕೂತಿದ್ದಳು. ಆ ಬೆನ್ನನ್ನು ನೋಡಿ ನೀಲಗಂಗಾಳಿಗೆ ಅವ್ವ ನೆನಪಾದಳು. ಸಂಸ್ಥಾನದ ಕಾಲದಲ್ಲಿ ಜಮಖಂಡಿಯಲ್ಲಿ ಅವ್ವ ಓದಿದ ಶಾಲೆಯಲ್ಲಿ ಕಲಿಸುತ್ತಿದ್ದದ್ದು ಮರಾಠಿ. ಅವ್ವನಿಗೆ ಆಡಲು ಕನ್ನಡ, ಓದಲು ಮರಾಠಿ. ನೀಲಗಂಗಾ ಕನ್ನಡ ಶಾಲೆಯ ಒಂದನೆಯ ಇಯತ್ತೆಯಲ್ಲಿ ಪಾಟಿಯ ಮೇಲೆ ಅ ಆ ತಿದ್ದುವಾಗ ಅವ್ವ ರೊಟ್ಟಿಯ ಹಿಟ್ಟಿನ ಕೈಯಲ್ಲೇ ಪಕ್ಕದಲ್ಲಿ ಕೂತು ತಾನೂ ತಿದ್ದಿದ್ದಳು. ಮೊದಲ ಸಲ ತನ್ನ ಹೆಸರನ್ನು ತನ್ನ ಮಾತಿನಲ್ಲೇ ಬರೆದು, ನೆರೆಯ ಹೆಂಗಸರನ್ನೆಲ್ಲ ಕರೆದು ತೋರಿಸಿದ್ದಳು.

ಇದನ್ನು ಹೇಳಿದಾಗ ಸೈಮಾ ಹೊಸ ಸಕ್ಕರೆ ತುಂಡನ್ನು ಅವಳ ಕಡೆ ತಳ್ಳಿದಳು. "ಹಾಗಾದರೆ ನಿಮ್ಮಮ್ಮ ಕಾನೂನಿಗೆ ಕಾಯಲಿಲ್ಲ," ಎಂದಳು.

ಶುಕ್ರವಾರ ನೀಲಗಂಗಾ ರೇಷ್ಮೆ ಸೀರೆ ಉಟ್ಟು, ಮೇಲೆ ದಪ್ಪ ಕೋಟು ಹಾಕಿಕೊಂಡು, ತಾನೇ ಕಾರು ಡ್ರೈವ್ ಮಾಡಿಕೊಂಡು ಶಾಲೆಗೆ ಹೋದಳು. ಪರೀಕ್ಷೆಯ ಕೋಣೆಯಲ್ಲಿ ಪುಟ್ಟ ಮಕ್ಕಳ ಕುರ್ಚಿಗಳು. ಪರೀಕ್ಷಕಿ ಮಿಸೆಸ್ ಡೋಲನ್ ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡ ಲವಲವಿಕೆಯ ಹೆಂಗಸು. ತಾಯಿಗೆ ಗೋಡೆಯ ಪಕ್ಕ ಕೂರಲು ಹೇಳಿ ಛಾಯಾಳನ್ನು ಎದುರಿಗೆ ಕೂರಿಸಿಕೊಂಡಳು.

ಚಿತ್ರಗಳ ಪ್ರಶ್ನೆ ಆಯಿತು, ಬಣ್ಣಗಳದ್ದು ಆಯಿತು, ಹುಡುಗಿ ಪಿಸುದನಿಯಲ್ಲಿ ಹೇಳಿದಳು. ಆಮೇಲೆ ಲೆಕ್ಕ.

"ಒಂದು ಡಬ್ಬಿಯಲ್ಲಿ ಏಳು ಕ್ರೇಯಾನ್. ಎಂಟು ಡಬ್ಬಿಯಲ್ಲಿ ಎಷ್ಟು? ಇದು ದೊಡ್ಡವರ ಲೆಕ್ಕ, ಬರದಿದ್ದರೂ ಪರವಾಗಿಲ್ಲ."

ಛಾಯಾಳ ಹೆಬ್ಬೆರಳು ಮೇಜಿನ ಕೆಳಗೆ ಗೆಣ್ಣುಗಳ ಮೇಲೆ ಓಡತೊಡಗಿತು. ತುಟಿ ತೆರೆಯಿತು. ಕಣ್ಣು ತಾಯಿಯ ಕಡೆ ತಿರುಗಿದ್ದೇ ತಡ ತುಟಿ ಮುಚ್ಚಿತು. ಮಿಸೆಸ್ ಡೋಲನ್ ಪೆನ್ಸಿಲ್ ಎತ್ತಿಕೊಂಡಳು.

ಉತ್ತರ ಮಗಳ ಬಾಯಲ್ಲೇ ಇದೆ, ಹೊರಗಿನಿಂದ ಚಿಲಕ ಹಾಕಿದವರು ನಾವು ಎಂದು ನೀಲಗಂಗಾಳಿಗೆ ಹೊಳೆಯಿತು. ಈಗ ಬಾಯಿ ಬಿಟ್ಟರೆ, ಮನೆಯಲ್ಲಿ ನಿಲ್ಲಿಸಿ ಎಂದದ್ದನ್ನು ಇವರ ಎದುರಿಗೇ ಮುರಿದಂತೆ. ಮಗಳು ಆ ಇನ್ನೊಂದು ಕೋಣೆಗೆ ಹೋಗಿಬಿಟ್ಟರೆ ಗಂಡನಿಗೆ ಏನು ಹೇಳುವುದು?

"ಛಾಯಾ," ಎಂದಳು, "ಬಾಯಿ ಬಿಟ್ಟ ಹೇಳವ್ವಾ. ಎದ್ದ ನಿಂತ ಹೇಳು."

ಛಾಯಾ ಕುರ್ಚಿ ಸರಿಸಿ ಎದ್ದಳು. ತಾಯಿ ಕಲಿಸಿದ್ದ ಹಾಗೆ ಎರಡೂ ಕೈ ಎದೆಯ ಮೇಲೆ ಕಟ್ಟಿದಳು. ಹೆಬ್ಬೆರಳು ತೋಳಿನ ಕೆಳಗೆ ಹೂತುಹೋಯಿತು. ಅದರ ಅಗತ್ಯವೂ ಇರಲಿಲ್ಲ.

"ಏಳ ಒಂದ್ಲೆ ಏಳ! ಏಳ ಎರಡ್ಲೆ ಹದಿನಾಕ!"

ಐದು ದಿನ ಕಟ್ಟಿಹಾಕಿದ್ದ ದನಿ ಕೋಣೆಯ ಗಾಜಿಗೆ ಬಡಿಯಿತು. "ಏಳ ಎಂಟ್ಲೆ ಐವತ್ತಾರ!" ಎಂದವಳು, ಉಸಿರು ತೆಗೆದುಕೊಳ್ಳದೆ ಮಿಸೆಸ್ ಡೋಲನ್‌ಗೆ "ಫಿಫ್ಟಿ ಸಿಕ್ಸ್" ಎಂದು ಹೇಳಿ, ಮತ್ತೆ ಕನ್ನಡಕ್ಕೆ ಹಾರಿ ಎಪ್ಪತ್ತರವರೆಗೆ ಓಡಿದಳು. ಅಲ್ಲಿಗೂ ನಿಲ್ಲಲಿಲ್ಲ. ಎಂಟರದ್ದು ಬಂತು, ಒಂಬತ್ತರದ್ದು ಬಂತು. ಕಾರಿಡಾರಿನಲ್ಲಿ ಹೋಗುತ್ತಿದ್ದ ಛಾಯಾಳ ಟೀಚರು ಬಾಗಿಲಲ್ಲಿ ನಿಂತಳು. ಹನ್ನೆರಡರ ಮಗ್ಗಿಯ ನಡುವೆ ಮಿಸೆಸ್ ಡೋಲನ್ ಎರಡೂ ಕೈ ಎತ್ತಿ ಶರಣಾದಳು.

"ಸಾಕು, ಸಾಕು ಮರಿ! ಇದು ಹಾಡೋ ಲೆಕ್ಕವೋ?"

ನೀಲಗಂಗಾ ಗೋಡೆಯ ಪಕ್ಕದಿಂದ ಎದ್ದು ಬಂದು ಬೆರಳು ತೋರಿಸಿದಳು. ನಾಲ್ಕು ಬೆರಳು, ಬೆರಳಿಗೆ ಮೂರು ಗೆಣ್ಣು, ಒಂದು ಕೈಗೆ ಹನ್ನೆರಡು. ಮಿಸೆಸ್ ಡೋಲನ್ ತಾನೂ ಎಣಿಸಲು ಹೋದಳು. ಉಂಗುರ ಅಡ್ಡ ಬಂತು, ತೆಗೆದಿಟ್ಟು ಮತ್ತೆ ಎಣಿಸಿದಳು. "ನರದ ದೋಷ ಅಂತ ಬರೆದಿದ್ದಾರೆ ಇಲ್ಲಿ," ಎಂದು ಬಾಗಿಲಲ್ಲಿದ್ದ ಟೀಚರಿನ ಕಡೆ ನೋಡಿದಳು. ಟೀಚರು ನಾಚಿ ಕೆಂಪಾಗಿ, ಆಮೇಲೆ ತಾನೂ ನಕ್ಕುಬಿಟ್ಟಳು.

"ಇವಳು ಇದೇ ಕ್ಲಾಸಿನಲ್ಲಿ ಇರುತ್ತಾಳೆ. ಅದರಲ್ಲಿ ಅನುಮಾನವಿಲ್ಲ," ಎಂದಳು ಮಿಸೆಸ್ ಡೋಲನ್. "ಆದರೂ ಮನೆಯಲ್ಲಿ ಇನ್ನು ಕೆಲವು ವರ್ಷ ಇಂಗ್ಲಿಷೇ ಇರಲಿ. ಪುಟ್ಟ ತಲೆಗೆ ಎರಡು ಭಾಷೆ ಭಾರವಾಗುತ್ತೆ."

"ಹಾಗಂತ ಯಾರು ಹೇಳಿದ್ದು?"

ಮಿಸೆಸ್ ಡೋಲನ್ ಕ್ಷಣ ಯೋಚಿಸಿದಳು. "ನಮಗೆ ಹಾಗೆ ಕಲಿಸಿದ್ದಾರೆ."

"ಸ್ವೀಡನ್ನಿನಲ್ಲಿ ಮನೆಯ ಭಾಷೆಯನ್ನು ಶಾಲೆಯಲ್ಲೇ ಕಲಿಸಬೇಕು ಅಂತ ಕಾನೂನು ಮಾಡಿದ್ದಾರೆ. ಟೀಚರಿಗೆ ಸರ್ಕಾರವೇ ಸಂಬಳ ಕೊಡುತ್ತೆ."

"ಹೌದಾ? ಪ್ರತಿಯೊಂದು ಭಾಷೆಗೂ?" ಮಿಸೆಸ್ ಡೋಲನ್ ನಿಜವಾಗಿಯೂ ಅಚ್ಚರಿಪಟ್ಟಳು. ನಂತರ ಕೋಟಿನ ಗುಂಡಿ ಹಾಕಿಕೊಳ್ಳುತ್ತ, "ಇದು ವೆಸ್ಟ್‌ಮಂಟ್, ಮೇಡಂ. ಇಲ್ಲಿ ನಿಮ್ಮ ಭಾಷೆಯವಳು ಇವಳೊಬ್ಬಳೇ," ಎಂದಳು. ಅವಳ ದನಿಯಲ್ಲಿ ಕೊಂಕಿರಲಿಲ್ಲ.

ಇವಳೊಬ್ಬಳೇ. ಕಾರು ಓಡಿಸುತ್ತ ನೀಲಗಂಗಾ ಆ ಮಾತನ್ನು ತಿರುಗಿಸಿ ಮುರುಗಿಸಿ ನೋಡಿದಳು. ದುಃಖವಾಗಬೇಕಿತ್ತು, ಆಗಲಿಲ್ಲ. ಇಡೀ ಶಾಲೆಯಲ್ಲಿ ಹನ್ನೆರಡರ ಮಗ್ಗಿಯನ್ನು ಎರಡು ಭಾಷೆಯಲ್ಲಿ ಬಲ್ಲವಳು ಒಬ್ಬಳೇ, ಅವಳು ಹಿಂದಿನ ಸೀಟಿನಲ್ಲಿ ಕೂತು ಕಿಟಕಿಯ ಮಂಜಿನ ಮೇಲೆ ಗೀಚುತ್ತಿದ್ದಾಳೆ.

ಸಂಜೆ ಊಟಕ್ಕೆ ಕೂತಾಗ ಗುರುಲಿಂಗಪ್ಪನ ಹಿಗ್ಗು ಹೇಳತೀರದು. ಪರೀಕ್ಷೆಯ ಕಥೆಯನ್ನು ಮೂರು ಸಲ ಹೇಳಿಸಿದ. "ಉಂಗುರಾ ತಗದ ಎಣಸಿದ್ಲಾ? ಖರೇನ?" ಎಂದು ಮತ್ತೆ ಮತ್ತೆ ನಕ್ಕ. ಕೊನೆಗೆ ಬಾಯಿ ಒರೆಸಿಕೊಂಡು ಹೇಳಿದ, "ಗೆದ್ದ ಬಂದ್ಲು ನನ್ನ ಮಗಳು. ಇನ್ನ ಮ್ಯಾಲ ಮಾತ್ರ ಅವರು ಹೇಳಿದ್ದ ಕೇಳೋಣ, ನೀಲಾ. ಐದನೇ ಗ್ರೇಡ್ ಮುಗಿಯೂತನಕ ಇಂಗ್ಲಿಷೇ."

ಛಾಯಾ ತಟ್ಟೆಯಿಂದ ತಲೆ ಎತ್ತಿ ತಾಯಿಯನ್ನು ನೋಡಿದಳು. ಪರೀಕ್ಷೆಯ ಕೋಣೆಯಲ್ಲಿ ಎದ್ದು ನಿಲ್ಲುವ ಮೊದಲು ನೋಡಿದ್ದಳಲ್ಲ, ಹಾಗೆಯೇ.

ನೀಲಗಂಗಾ ಒಲೆಯ ಕಡೆ ತಿರುಗಿ ಹೆಂಚಿನ ಮೇಲಿದ್ದ ಚಪಾತಿಯನ್ನು ಮಗುಚಿದಳು. ಅವನು ಮಗಳೊಂದಿಗೆ ಇಂಗ್ಲಿಷ್ ಆಡಲಿ, ಮಗಳು ತನಗೆ ಇಂಗ್ಲಿಷಿನಲ್ಲೇ ಉತ್ತರ ಕೊಡಲಿ, ಶಾಲೆ ಮತ್ತೆ ಫೋನು ಮಾಡಲಿ. ತನ್ನ ಬಾಯಿಂದ ಛಾಯಾಳಿಗೆ ಹೋಗುವ ಮಾತು ಮಾತ್ರ ನಾಳೆ ಬೆಳಿಗ್ಗೆಯಿಂದ ಕನ್ನಡವೇ, ಅವಳು ಬೆಳೆದು ಮನೆ ಬಿಟ್ಟು ಹೋಗುವ ತನಕ. ಯುಗಾದಿಗೆ ಅಕ್ಷರ ಶುರು. ಯಾರೊಂದಿಗೂ ವಾದ ಮಾಡುವುದಿಲ್ಲ, ಅಪ್ಪಣೆಯನ್ನೂ ಕೇಳುವುದಿಲ್ಲ.

"ಇನ್ನೊಂದ ಹಾಕು," ಎಂದ ಗುರುಲಿಂಗಪ್ಪ.

ಬಿಸಿ ಚಪಾತಿಯನ್ನು ಅವನ ತಟ್ಟೆಗೆ ಹಾಕಿ, ಮೇಲೊಂದು ಚಮಚ ತುಪ್ಪ ಹಾಕಿದಳು.