ಕಾಶಿ ಕಣಿಕೆ ತಿಂದಳು

ನನ್ನ ತಂಗಿಯ ಮಗ ಸತೀಶಕುಮಾರ ವಿಜಯಪುರದ ಕಾಲೇಜಿನಲ್ಲಿ ಪಾಠ ಹೇಳುತ್ತಾನೆ. ಹೇಳಲಿ, ಯಾರು ಬೇಡ ಅಂದರು? ಆದರೆ ನಮ್ಮೂರು ತಿಕೋಟಾಕ್ಕೆ ಬಂದು, ನನ್ನ ಕೊಟ್ಟಿಗೆಯಲ್ಲಿ ನಿಂತು, ನನ್ನ ಎಮ್ಮೆಗೆ ಏನು ತಿಳಿಯುತ್ತದೆ, ಏನಿಲ್ಲ ಎಂದು ನನಗೇ ಪಾಠ ಹೇಳಿದರೆ ಮೈ ಉರಿಯದೇ ಇರುತ್ತದೆಯೇ?

ಅವನ ಅವ್ವ, ಬಬಲೇಶ್ವರದ ನನ್ನ ತಂಗಿ, ಕೊಟ್ಟ ಎಮ್ಮೆ ಅದು, ಹೆಸರು ಕಾಶಿ. ಅದರ ಕರು ಹುಟ್ಟಿದ ಹನ್ನೆರಡನೇ ದಿನಕ್ಕೆ ಸತ್ತಿತು. ಹೊಲದ ಬದುವಿನಲ್ಲಿ ಮಣ್ಣು ಮಾಡಿರಿ ಎಂದೆ. ನನ್ನ ಗಂಡ ಬಸಗೊಂಡಪ್ಪ ಕೇಳಬೇಕಲ್ಲ! ಕರು ಎದುರಿಗಿಲ್ಲದೆ ಎಮ್ಮೆ ಹಾಲು ಇಳಿಸುವುದಿಲ್ಲ. ಅದಕ್ಕೆ ನಮ್ಮವರು ಕಂಡುಕೊಂಡ ಉಪಾಯವೊಂದಿದೆ. ಸತ್ತ ಕರುವಿನ ತೊಗಲು ಸುಲಿಸಿ, ಬೂದಿ ಹಚ್ಚಿ ಒಣಗಿಸಿ, ಒಳಗೆ ಜೋಳದ ಕಣಿಕೆ, ಅಂದರೆ ಮೇವಿನ ಒಣದಂಟು, ತುಂಬಿ ಹೊಲಿಯುತ್ತಾರೆ. ನಾಲ್ಕು ಕೋಲಿನ ಮೇಲೆ ನಿಲ್ಲಿಸಿ ಉಪ್ಪುನೀರು ಚಿಮುಕಿಸುತ್ತಾರೆ. ತಾಯಿ ಅದನ್ನು ನೆಕ್ಕುತ್ತ ನಿಂತಾಗ ಕೆಳಗೆ ಹಿಂಡಿಕೊಳ್ಳುತ್ತಾರೆ.

ಕಾಶಿಯೂ ನೆಕ್ಕಿದಳು, ಹಾಲು ಇಳಿಸಿದಳು. ನನ್ನ ಗಂಡನಿಗೆ ಹಿಗ್ಗೋ ಹಿಗ್ಗು.

"ನೋಡಿದೇನ ಗೌರಾ? ಸತ್ತೈತಿ ಅನ್ನೂದ ಗೊತ್ತಿಲ್ಲ ಈ ಹುಚ್ಚ ಖೋಡಿಗೆ!"

ಕಾಶಿ ಮೇವಿಗೆ ಕೂಗುವ ದನಿ ಬೇರೆ, ನನ್ನನ್ನು ಕರೆಯುವ ದನಿ ಬೇರೆ. ಕರುವಿಗೆಂದೇ ಗಂಟಲೊಳಗಿನಿಂದ ತೆಗೆಯುವ ಸಣ್ಣ ದನಿಯೊಂದಿತ್ತು. ಆ ತೊಗಲಿನ ಮುಂದೆ ಮೊದಲ ದಿನ ಹಾಗೆ ಕರೆದು, ಕಿವಿ ಮುಂದೆ ಮಾಡಿ ಕಾದಳು. ಮತ್ತೆ ಕರೆದಳು, ಮತ್ತೆ ಕಾದಳು. ಎರಡನೇ ದಿನ ಒಂದೇ ಸಲ ಕರೆದಳು. ಮೂರನೇ ದಿನ ಕರೆಯಲೇ ಇಲ್ಲ. ಅಷ್ಟೂ ದಿನ ಮೇವಿಗೆ ಸರಿಯಾಗಿ ಬಾಯಿ ಹಾಕಿರಲಿಲ್ಲ.

ಅವತ್ತೇ ಬಂದ ಸತೀಶನಿಗೆ ಇದನ್ನೆಲ್ಲ ಹೇಳಿದೆ. ಅವನು ನಕ್ಕ.

"ದೊಡ್ಡವ್ವ, ಅದು ಭಾಷಾ ಅಲ್ಲ, ಬರೇ ಸಪ್ಪಳ. ಸಾವು ಅಂದ್ರ ಏನಂತ ಪ್ರಾಣಿಗೆ ತಿಳಿಯಂಗಿಲ್ಲ."

"ನಿನಗ ಬಂದು ಹೇಳಿತೇನಲೇ?"

"ಹೇಳಾಕ ಭಾಷಾ ಬೇಕಲ್ಲ!"

ಅಷ್ಟರಲ್ಲಿ ಕಾಶಿ ನೆಕ್ಕಿ ನೆಕ್ಕಿದ್ದಕ್ಕೆ ತೊಗಲಿನ ಹೊಟ್ಟೆಯ ಹೊಲಿಗೆ ಬಿಚ್ಚಿಕೊಂಡಿತು. ಕಣಿಕೆ ಹೊರಗೆ ಬಂತು. ಕಾಶಿ ಮೂಸಿದಳು. ಆಮೇಲೆ ತಿನ್ನತೊಡಗಿದಳು.

ಸತೀಶ, ಪಕ್ಕದಲ್ಲೇ ನಿಂತಿದ್ದ ನನ್ನ ಗಂಡ, ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. "ತನ್ನ ಕರೂನ ತಾನ ತಿನ್ನಾಕತ್ತೈತಿ!" ಎಂದರು ನನ್ನ ಗಂಡ. "ಇದಕ್ಕ ದುಃಖ ಐತೆಂತ! ಸೂಜಿ ದಾರ ತಾ, ಹೊಲದು ಮತ್ತ ನಿಲ್ಲಸ್ತೀನಿ."

ಹೊಲಿಯಲೆಂದು ಅವರು ಎತ್ತಿಕೊಂಡ ಆ ತೊಗಲನ್ನು ಅವರ ಕೈಯಿಂದ ಕಿತ್ತುಕೊಂಡೆ.

"ನಗಬ್ಯಾಡ್ರಿ! ನಮ್ಮ ಮಗಳು ಸೌಭಾಗ್ಯಾನ ಮಣ್ಣ ಮಾಡಿ ಬಂದ ಮೂರನೇ ದಿನ ನಿಮ್ಮವ್ವ ನನ್ನ ತಾಟಿಗೆ ರೊಟ್ಟಿ ಹಾಕಿದ್ಲು. ನಾ ಉಂಡ್ನಿ. ಇನ್ನೊಂದ ಕೇಳಿ ಹಾಕಿಸ್ಕೊಂಡ ಉಂಡ್ನಿ. ಐದು ವರ್ಷದ ಕೂಸು ಹ್ವಾದದ್ದು ನನಗೂ ತಿಳಿದಿರಲಿಲ್ಲೇನ್ರಿ?"

ಸತೀಶ ನೆಲ ನೋಡಿದ. ನನ್ನ ಗಂಡ ಮೆಲ್ಲಗೆ, "ಆವತ್ತ ನಾನೂ ಹಂಗ ಅನ್ಕೊಂಡಿದ್ನಿ, ಗೌರಾ. ಇಕಿಗೇನೂ ಅನಿಸೇ ಇಲ್ಲ ಅಂತ" ಎಂದರು.

ಇಪ್ಪತ್ತೆಂಟು ವರ್ಷ! ಒಂದೇ ಸೂರಿನಡಿ, ಒಂದೇ ಒಲೆಯ ಅಡುಗೆ ಉಂಡು, ಇದನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದರು ಈ ಮನುಷ್ಯ. ಎಮ್ಮೆಯ ಪರವಾಗಿ ಬಂದಿದ್ದ ಸಿಟ್ಟೆಲ್ಲ ಆಗ ನನ್ನದೇ ಆಯಿತು. ತೊಗಲನ್ನು ಎದೆಗವಚಿಕೊಂಡು ಬದುವಿನ ಕಡೆ ಹೊರಟೆ. ಅವರು ಗುದ್ದಲಿ ಹಿಡಿದು ಹಿಂದೆ ಬಂದರು. ನಾನು ತಿರುಗಿ ನೋಡದೆಯೇ ಅಂದೆ:

"ಕಾಶಿಗಾದರ ಮಾತ ಬರೂದಿಲ್ಲ ಅಂತೀರಿ. ನನಗ ಬರತಿತ್ತಲ್ಲರಿ. ಒಂದ ಸಲ ಕೇಳಬೇಕಿತ್ತು."