ಮೂರನೇ ಗೇರು ಹಿಡಿದು ಮದುವೆಗೆ

ನಮ್ಮ ಕಾರಿಗೆ ಇಪ್ಪತ್ತಾರು ವರ್ಷ. ಸಾಸಿವೆ ಬಣ್ಣ, ಎರಡೇ ಬಾಗಿಲು. ಅದು ಕೆಟ್ಟಿದೆ ಎಂದು ಯಾರಾದರೂ ಅಂದರೆ ನನ್ನ ಗಂಡ ವೆಲಿಚ್ಕೊಗೆ ರೇಗಿಹೋಗುತ್ತದೆ.

"ಓಡ್ತಾ ಇದೆಯಲ್ಲ? ಓಡೋದನ್ನ ಕೆಟ್ಟಿದೆ ಅಂತಾರಾ ಯಾರಾದ್ರೂ?"

ಮೂವತ್ತೈದು ವರ್ಷ ಡ್ಯಾನ್ಯೂಬ್ ನದಿಯ ಸರಕು ದೋಣಿಗಳ ಎಂಜಿನ್ ಬಿಚ್ಚಿ ಕಟ್ಟಿದ ಮನುಷ್ಯ. ಮನಸ್ಸು ಮಾಡಿದರೆ ಒಂದು ವಾರದಲ್ಲಿ ಕಾರನ್ನು ಹೊಸದು ಮಾಡಿಬಿಡುತ್ತಾನೆ. ಹಾಗಂತ ನಾನು ಹೇಳಿದಾಗಲೆಲ್ಲ, "ಅದು ಕೆಲಸ ಆಗಿತ್ತು ನೆಡ್ಕೆ, ಇದು ನನ್ನ ಕಾರು" ಅನ್ನುತ್ತಾನೆ. ಆ ಮಾತಿಗೆ ಏನರ್ಥವೋ ನನಗೆ ಇವತ್ತಿಗೂ ಹೊಳೆದಿಲ್ಲ.

ಬಾಗಿಲುಗಳು ಒಳಗಿನಿಂದ ತೆರೆಯುವುದಿಲ್ಲ. ಕಿಟಕಿ ಇಳಿಸುವ ಹಿಡಿಕೆ ಮುರಿದು ಎಷ್ಟೋ ಕಾಲವಾಯಿತು. ವೆಲಿಚ್ಕೊ ಸೀಟಿನಡಿಯಿಂದ ಇಕ್ಕಳ ತೆಗೆದು, ಆ ಮೋಟು ಕಡ್ಡಿಯನ್ನು ತಿರುಗಿಸಿ ಗಾಜು ಇಳಿಸಿ, ಕೈ ಹೊರಗೆ ಹಾಕಿ ಬಾಗಿಲು ತೆರೆದು ಇಳಿಯುತ್ತಾನೆ. ಆಮೇಲೆ ಸುತ್ತಿ ಬಂದು ನನ್ನ ಬಾಗಿಲು ತೆರೆಯುತ್ತಾನೆ. ಈ ವಯಸ್ಸಲ್ಲೂ ಹೆಂಡತಿಗೆ ಬಾಗಿಲು ತೆರೆದು ಇಳಿಸುವ ಗಂಡ ಎಂದು ನಮ್ಮೂರು ಸ್ವಿಷ್ಟೊವ್ ಪೇಟೆಯ ಹೆಂಗಸರು ತಮ್ಮ ಗಂಡಂದಿರಿಗೆ ಅವನನ್ನು ತೋರಿಸಿ ಚುಚ್ಚುವುದುಂಟು. ನಾನು ಬಾಯಿ ಬಿಟ್ಟಿಲ್ಲ.

ಎಡಕ್ಕೆ ತಿರುಗಿಸಿದರೆ ಹಾರ್ನ್ ತಾನಾಗಿಯೇ ಬಡಿದುಕೊಳ್ಳುತ್ತದೆ. ಪೆಟ್ರೋಲಿನ ಮುಳ್ಳು ಸದಾ ತುಂಬಿದೆ ಅನ್ನುತ್ತದೆ. ಬೀಗದಕೈ ಸಿಕ್ಕಿಹಾಕಿಕೊಂಡು ಹೊರಗೆ ಬರುವುದೇ ಇಲ್ಲ. ಮೂರನೇ ಗೇರು ಹಿಡಿದುಕೊಂಡರೆ ಮಾತ್ರ ನಿಲ್ಲುತ್ತದೆ, ಇಲ್ಲದಿದ್ದರೆ ಜಿಗಿದು ಹೊರಗೆ. ಏರಿನಲ್ಲಿ ವೆಲಿಚ್ಕೊಗೆ ಸ್ಟೀರಿಂಗಿಗೇ ಎರಡೂ ಕೈ ಬೇಕು. ಹಾಗಾಗಿ ಗೇರು ಹಿಡಿಯುವುದು ನನ್ನ ಕೆಲಸ. ಅವನ ಬಲಕ್ಕೆ ಕೂತ ನನ್ನ ಎಡಗೈ ಹನ್ನೊಂದು ವರ್ಷದಿಂದ ಅಲ್ಲೇ.

ಸೆಪ್ಟೆಂಬರಿನ ಒಂದು ಶನಿವಾರ, ಚಳಿಗಾಲಕ್ಕೆ ಕುದಿಸಿ ಬಾಟಲಿ ತುಂಬಲು ಕೆಂಪು ದೊಣ್ಣೆಮೆಣಸಿನಕಾಯಿ ಕೊಳ್ಳಲು ಸಂತೆಗೆ ಹೋಗಿದ್ದೆವು. ನಾನು ಕಾಯಿ ಹಿಚುಕಿ ನೋಡುತ್ತಿದ್ದೆ, ವೆಲಿಚ್ಕೊ ತರಕಾರಿಯವಳೊಂದಿಗೆ ಚೌಕಾಸಿ ಮಾಡುತ್ತಿದ್ದ. ಅಷ್ಟರಲ್ಲಿ ಪರಿಚಯದ ಹಾರ್ನ್ ಕೇಳಿಸಿತು.

"ನಮ್ಮ ಕಾರಿನ ಥರಾನೇ ಇದೆ" ಅಂದೆ.

"ನಮ್ಮದೇ" ಅಂದ ವೆಲಿಚ್ಕೊ ತಲೆ ಎತ್ತದೆ. "ಅಂಚೆ ಕಚೇರಿ ಹತ್ತಿರ ಎಡಕ್ಕೆ ತಿರುಗ್ತು."

"ಅಯ್ಯೋ, ಕಾರು ಕದ್ದುಕೊಂಡು ಹೋಗ್ತಿದಾರೆ ಮಾರಾಯ!"

"ಹೋಗ್ಲಿ. ಎಲ್ಲಿಗೆ ಹೋಗ್ತಾರೆ? ಮುಂದೆ ಏರು ಇದೆ."

ಸ್ವಲ್ಪ ಹೊತ್ತಿಗೆ ಹಾರ್ನ್ ಮತ್ತೆ ಶುರುವಾಯಿತು. ಈ ಸಲ ನಿಲ್ಲಲೇ ಇಲ್ಲ. ಸಂತೆಯವರೆಲ್ಲ ಕತ್ತು ಹೊರಳಿಸಿದರು. ಮೆಣಸಿನಕಾಯಿ ಮೂಟೆಯನ್ನು ತರಕಾರಿಯವಳ ಬಳಿ ಬಿಟ್ಟು ಸದ್ದಿನ ಜಾಡು ಹಿಡಿದು ನಡೆದೆವು. ವೆಲಿಚ್ಕೊ ಅವಸರವೇ ಮಾಡಲಿಲ್ಲ. ನಾನು ಓಡುತ್ತಿದ್ದೆ, ನಿಲ್ಲುತ್ತಿದ್ದೆ, ಬೈಯುತ್ತಿದ್ದೆ.

ಊರಾಚೆಯ ಏರಿನ ಬುಡದಲ್ಲಿ, ನೀರಿನ ಕಾರಂಜಿಯ ಎಡ ತಿರುವಿನಲ್ಲಿ ಕಾರು ನಿಂತು ಅರಚುತ್ತಿತ್ತು. ಒಳಗೆ ಕಳ್ಳನಿರಲಿಲ್ಲ. ಅರವತ್ತು ದಾಟಿದ ದಪ್ಪ ಹೆಂಗಸು, ನೀಲಿ ರೇಷ್ಮೆ ಉಡುಪು, ತೊಡೆಯ ಮೇಲೆ ಡೇರೆ ಹೂವಿನ ಗುಚ್ಛ. ಮುಖ ದೊಣ್ಣೆಮೆಣಸಿನಕಾಯಿಯಷ್ಟೇ ಕೆಂಪು. ಗಾಜನ್ನು ಅಂಗೈಯಿಂದ ದಬದಬ ಬಡಿಯುತ್ತಿದ್ದಳು.

ವೆಲಿಚ್ಕೊ ಹೊರಗಿನಿಂದ ಬಾಗಿಲು ತೆರೆದು, ಸ್ಟೀರಿಂಗನ್ನು ಒಂಚೂರು ಬಲಕ್ಕೆ ತಿರುಗಿಸಿದ. ಹಾರ್ನ್ ನಿಂತಿತು.

"ಇದೆಂಥಾ ಕಾರಣ್ಣ ಇದು!" ಎಂದಳು ಅವಳು, ಕದ್ದವಳು ತಾನೇ ಎಂಬುದನ್ನು ಮರೆತು. "ಕಾರಾ, ಇಲಿಬೋನಾ?"

"ಇಲಿಬೋನಿಗೆ ನೀವ್ಯಾಕೆ ಬಂದ್ರಿ ಅಕ್ಕ?" ಅಂದೆ ನಾನು.

ಅವಳ ಕಣ್ಣು ತುಂಬಿತು. ಹೆಸರು ರಾಯ್ನಾ, ಪೇಟೆಯಲ್ಲಿ ಹೊಲಿಗೆ ಕೆಲಸ, ಗಂಡ ತೀರಿಕೊಂಡು ಒಂಬತ್ತು ವರ್ಷ. ಅವತ್ತು ಹನ್ನೆರಡಕ್ಕೆ ಬೆಟ್ಟದಾಚೆಯ ಗೋರ್ನಾ ಲಿಪಾ ಹಳ್ಳಿಯ ಪಂಚಾಯಿತಿ ಕಚೇರಿಯಲ್ಲಿ ಅವಳ ಮದುವೆ. ವರ ದೋಬ್ರಿ, ಜೇನು ಸಾಕುವವನು. ಮಗ ಪ್ಲಾಮೆನ್‌ಗೆ ಇದು ಸುತರಾಂ ಇಷ್ಟವಿರಲಿಲ್ಲ. "ಈ ವಯಸ್ಸಲ್ಲಿ ನಾಚಿಕೆ ಆಗಲ್ವಾ" ಅಂದು ಬೆಳಗ್ಗೆಯೇ ಕಾರು ತೆಗೆದುಕೊಂಡು ಎತ್ತಲೋ ಹೋಗಿಬಿಟ್ಟ. ಆ ಕಡೆಗೆ ಬಸ್ಸು ಸಂಜೆಗೇ.

"ಸಿಟ್ಟಿನಲ್ಲಿ ನಡೆದು ಬರ್ತಾ ಇದ್ದೆ. ಕಾರಲ್ಲಿ ಬೀಗದಕೈ ಕಾಣಿಸ್ತು. ಸಂಜೆ ತಂದು ನಿಲ್ಲಿಸಿದ್ರಾಯ್ತು ಅಂದ್ಕೊಂಡೆ. ದೇವರಾಣೆ, ನನ್ನ ಜನ್ಮದಲ್ಲಿ ಒಂದು ಸೂಜಿ ಕದ್ದವಳಲ್ಲ. ಇದು ಏರು ಹತ್ತಲ್ಲ, ನಿಲ್ಲಿಸಿದ್ರೆ ಇಳಿಯೋಕಾಗಲ್ಲ, ಸಾಲದ್ದಕ್ಕೆ ಊರಿಗೆಲ್ಲ ಕೇಳೋ ಹಾಗೆ ಕೂಗುತ್ತೆ. ಪೊಲೀಸರನ್ನ ಕರೀರಿ."

ವೆಲಿಚ್ಕೊ ಗಡಿಯಾರ ನೋಡಿದ. ಹನ್ನೊಂದೂ ಕಾಲು.

"ಹಿಂದೆ ಕೂತ್ಕೊಳ್ಳಿ" ಅಂದ. "ಮುಂದಿನ ಸೀಟು ನನ್ನ ಹೆಂಡತೀದು. ಅವಳಿಲ್ಲದೆ ಈ ಏರು ಹತ್ತಲ್ಲ."

ಮದುವೆಯಾದ ಮೇಲೆ ಅವನು ನನ್ನ ಬಗ್ಗೆ ಆಡಿದ ಅತ್ಯಂತ ಒಳ್ಳೆಯ ಮಾತು ಅದೇ ಇರಬೇಕು. ನಾನು ಸೀಟು ಮಡಿಚಿ, ರಾಯ್ನಾಳನ್ನು ಹಿಂದಕ್ಕೆ ನೂಕಿ, ರೇಷ್ಮೆ ಸಿಕ್ಕಿಕೊಳ್ಳದಂತೆ ಎಳೆದು ಸರಿಮಾಡಿ, ಗೇರು ಹಿಡಿದು ಕೂತೆ.

ಏರಿನುದ್ದಕ್ಕೂ ಅವಳ ಬಾಯಿ ನಿಲ್ಲಲಿಲ್ಲ. ದೋಬ್ರಿಗೆ ಒಂದು ಕಿವಿ ಕೇಳಿಸುವುದಿಲ್ಲ, ಊಟಕ್ಕೆ ಕೂತರೆ ಏಳುವುದಿಲ್ಲ, ಟೋಪಿ ಹಾಕಿಕೊಂಡೇ ಮಲಗುತ್ತಾನೆ.

"ಮತ್ತೆ ಯಾಕೆ ಕಟ್ಕೋತೀರಿ ಅಕ್ಕ?"

ರಾಯ್ನಾ ಹೂಗುಚ್ಛ ಸರಿಮಾಡಿಕೊಂಡಳು. "ಹೋದ ಚಳಿಗಾಲದಲ್ಲಿ ನಂಗೆ ಕೆಮ್ಮು. ಇಪ್ಪತ್ತೆರಡು ಕಿಲೋಮೀಟರು ಹಿಮದಲ್ಲಿ ಸೈಕಲ್ ತುಳ್ಕೊಂಡು ಬಂದು ಒಂದು ಬಾಟಲಿ ಜೇನು ಕೊಟ್ಟ. ಬಾಗಿಲಲ್ಲೇ ಕೊಟ್ಟು ಹೊರಟ. ಒಳಗೆ ಬಾ ಅಂತ ಕರೆದಿದ್ದೆ, ಕೇಳಿಸಿರಲಿಲ್ಲ!"

ನಕ್ಕು ನಕ್ಕು ನನ್ನ ಕೈ ಸಡಿಲವಾಯಿತು. ಗೇರು ಜಿಗಿಯಿತು, ಎಂಜಿನ್ ಬೊಬ್ಬೆ ಹೊಡೆಯಿತು.

"ಹಿಡ್ಕೊಳೇ ಮಾರಾಯ್ತಿ!" ಎಂದು ವೆಲಿಚ್ಕೊ ಗದರಿದ.

ಬೆಟ್ಟದ ನೆತ್ತಿ ಮುಟ್ಟಿದ್ದೇ ಎಂಜಿನ್ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಮುಳ್ಳು ಮಾತ್ರ ತುಂಬಿದೆ ಎಂದೇ ತೋರಿಸುತ್ತಿತ್ತು. ನನಗೂ ವೆಲಿಚ್ಕೊಗೂ ವಾರಕ್ಕೆ ಎಷ್ಟು ಪೆಟ್ರೋಲು ಬೇಕು ಎಂಬುದು ಬಾಯಿಪಾಠ. ಆದರೆ ಆ ಲೆಕ್ಕದಲ್ಲಿ ರಾಯ್ನಾ ಇರಲಿಲ್ಲ.

"ಮುಗೀತು" ಎಂದು ಅವಳು ಹೂಗುಚ್ಛದಲ್ಲಿ ಮುಖ ಹುದುಗಿಸಿದಳು.

"ಎಲ್ಲಿ ಮುಗೀತು? ಇನ್ನು ಇಳಿಜಾರೇ" ಅಂದ ವೆಲಿಚ್ಕೊ. ಗೇರು ಬಿಡಿಸಿ, ಬ್ರೇಕಿನ ಮೇಲೆ ಕಾಲಿಟ್ಟು ಕಾರನ್ನು ಹಾಗೇ ಉರುಳಲು ಬಿಟ್ಟ. ಎಂಜಿನ್ ಸದ್ದಿಲ್ಲದೆ, ಎರಡೂ ಕಡೆ ಸೂರ್ಯಕಾಂತಿ ಹೊಲಗಳ ನಡುವೆ, ಗಾಳಿಯ ಸುಂಯ್ ಸದ್ದೊಂದೇ. ಎಡ ತಿರುವು ಬಂದಾಗಲೆಲ್ಲ ಹಾರ್ನ್. ಆ ಇಳಿಜಾರಿನಲ್ಲಿ ಬಹಳ ಎಡ ತಿರುವುಗಳಿವೆ. ಗೋರ್ನಾ ಲಿಪಾದ ಜನ ಮದುವೆಯ ದಿಬ್ಬಣವೇ ಬಂತೆಂದು ಬೇಲಿಗಳ ಬಳಿ ಬಂದು ಕೈ ಬೀಸಿದರು. ರಾಯ್ನಾ ಮೊದಲು ನಾಚಿದಳು, ಆಮೇಲೆ ರಾಣಿಯಂತೆ ಎರಡೂ ಕೈ ಬೀಸಿದಳು.

ಪಂಚಾಯಿತಿ ಕಚೇರಿಯ ಮುಂದೆ ಕಾರು ತಾನಾಗಿಯೇ ನಿಂತಿತು. ಐದು ನಿಮಿಷ ತಡ. ಮೆಟ್ಟಿಲ ಮೇಲೆ ದೋಬ್ರಿ, ಕಪ್ಪು ಕೋಟು, ಕೈಯಲ್ಲಿ ಟೋಪಿ. ಅವನ ಪಕ್ಕದ ಬೆಂಚಿನಲ್ಲಿ ಒಬ್ಬ ಕೂತಿದ್ದ. ಒಂದು ಕಣ್ಣು ಪೂರ್ತಿ ಮುಚ್ಚಿತ್ತು, ತುಟಿ ಬನ್ನಿನಷ್ಟು ಊದಿತ್ತು, ಮುಖದ ತುಂಬ ಮೊಸರು.

"ಪ್ಲಾಮೆನ್!" ಎಂದು ರಾಯ್ನಾ ಕಿರುಚಿದಳು.

ಅಮ್ಮನನ್ನು ಬಿಟ್ಟುಬಿಡು ಎಂದು ಹೇಳಲು ಅವನು ಬೆಳಗ್ಗೆ ಇಲ್ಲಿಗೇ ಬಂದಿದ್ದ. ದೋಬ್ರಿ ಜೇನುಪೆಟ್ಟಿಗೆಗಳ ನಡುವೆ ಇದ್ದ. ಕಿವುಡನಿಗೆ ಕೇಳಲಿ ಎಂದು ಪ್ಲಾಮೆನ್ ಕೂಗಿದ್ದಾನೆ, ಕೈ ಬೀಸಿದ್ದಾನೆ, ಒಂದು ಪೆಟ್ಟಿಗೆಗೆ ಒದ್ದಿದ್ದಾನೆ. ಜೇನುಹುಳಗಳಿಗೆ ಕಿವಿ ಚೆನ್ನಾಗಿಯೇ ಇತ್ತು.

"ಹದಿನೇಳು ಮುಳ್ಳು ತೆಗೆದು, ಉರಿಗೆ ಮೊಸರು ಹಚ್ಚಿದೆ" ಎಂದ ದೋಬ್ರಿ ಗಟ್ಟಿಯಾಗಿ. "ಪಾಪ, ಮದುವೆಗೆ ಶುಭಾಶಯ ಹೇಳೋಕೆ ಬಂದಿದ್ದ ಹುಡುಗ."

ಪ್ಲಾಮೆನ್ ತೆರೆದಿದ್ದ ಒಂದೇ ಕಣ್ಣಿನಿಂದ ಅಮ್ಮನನ್ನು ನೋಡಿದ. ಅವನೇನೂ ತಿದ್ದಲಿಲ್ಲ. ರಾಯ್ನಾ ಏನೋ ಬೈಯಲು ಹೋದವಳು ಕರವಸ್ತ್ರದಿಂದ ಅವನ ಕಿವಿಯೊಳಗೆ ಹೋಗಿದ್ದ ಮೊಸರು ಒರೆಸಿದಳು.

ಸಹಿ ಹಾಕುವುದು ಹತ್ತು ನಿಮಿಷದಲ್ಲಿ ಮುಗಿಯಿತು. ನಂತರ ಅಂಗಳದ ಮೇಜಿನ ಬಳಿ ಎಲ್ಲರೂ ಸೇರಿದೆವು. ಹೊಸ ಜೋಡಿಗೆ ರೊಟ್ಟಿಯನ್ನು ಜೇನಿನಲ್ಲಿ ಅದ್ದಿ ತಿನ್ನಿಸುವುದು ವರನ ತಾಯಿಯ ಹಕ್ಕು. ದೋಬ್ರಿಯ ತಾಯಿ ತೀರಿಕೊಂಡು ಮೂವತ್ತು ವರ್ಷ. "ಯಾರು ತಿನ್ನಿಸ್ತೀರಿ?" ಎಂದು ಕಚೇರಿಯ ಹೆಂಗಸು ಕೇಳಿದಳು. ಯಾರೋ ನನ್ನ ಬೆನ್ನಿಗೆ ಕೈಯಿಟ್ಟು ಮುಂದೆ ತಳ್ಳಿದರು.

ಅಷ್ಟರಲ್ಲಿ ಪ್ಲಾಮೆನ್ ಬೆಂಚಿನಿಂದ ಎದ್ದ. ಒಂದೇ ಕಣ್ಣಿನಲ್ಲಿ ಅಳತೆ ತಪ್ಪಿ ಮೊದಲು ಮೇಜಿಗೆ ಡಿಕ್ಕಿ ಹೊಡೆದ. ರೊಟ್ಟಿ ಮುರಿದು, ಜೇನಿನ ಬಟ್ಟಲಲ್ಲಿ ಹುಳವಿಲ್ಲವೆಂದು ಖಾತ್ರಿ ಮಾಡಿಕೊಂಡು ಅದ್ದಿದ.

"ಬಾಯಿ ತೆಗಿ, ಅಮ್ಮ" ಅಂದ ಊದಿದ ತುಟಿಯಲ್ಲಿ ತೊದಲುತ್ತಾ.